ಅತ್ತಿಮರದ ತುದಿಯ ಸಲಹಾ ಸಮಿತಿ

ಕಾಡಿನ ನಡುವೆ ಒಂದು ಕೆರೆ, ಅದರ ದಂಡೆಯಲ್ಲಿ ಎತ್ತರದ ಅತ್ತಿಮರ. ಮಕ್ಕಳೇ, ಆ ಮರದ ಮೇಲೆ ನೀರುದಾರಿ ಇಲಾಖೆಯ ಕಚೇರಿ ಇತ್ತು. ಪ್ರಾಣಿಗಳು ಯಾವ ದಾರಿಯಲ್ಲಿ ಕೆರೆಗೆ ಇಳಿಯಬೇಕೆಂದು ಹೇಳುವುದು ಇಲಾಖೆಯ ಕೆಲಸ. ಅದರ ಮುಖ್ಯಸ್ಥ ಕಪ್ಪು ಮುಖದ, ಉದ್ದ ಬಾಲದ ಮುಸುವ. ಕೆಟ್ಟವನೇನಲ್ಲ. ಆದರೆ ಮೇಲಿನಿಂದ ನೋಡಿದರೆ ಎಲ್ಲವೂ ಕಾಣುತ್ತದೆ ಎಂಬ ಭ್ರಮೆ ಅವನಿಗೆ.

ಆ ಬೇಸಿಗೆಯಲ್ಲಿ ಕೆರೆಗೆ ಇಳಿಯುವ ಹಳೆಯ ಕಲ್ಲುದಾರಿಗೆ ಬಂಡೆಯೊಂದು ಉರುಳಿತು. ಪಕ್ಕದಲ್ಲಿ ಹಾದುಹೋಗಲು ಜಾಗವೇನೋ ಇತ್ತು. ಕೇಳುವವರು ಯಾರು? ಇಲಾಖೆ ದಾರಿಗೆ ಮುಳ್ಳು ಬಡಿದು ಮುಚ್ಚಿತು. ಹೊಸ ದಾರಿ ತೀರ್ಮಾನವಾಗುವ ತನಕ ಯಾರೂ ಕೆರೆಗೆ ಇಳಿಯಕೂಡದು ಎಂದು ಸಾರಿತು. ಹಾರುವವರಿಗೇನು, ಹಾರಿಹೋಗಿ ಕುಡಿದು ಬಂದರು. ಪಾಡು ಪಟ್ಟವರು ನಡೆಯುವವರು.

ಚುಕ್ಕಮ್ಮ ಎಂಬ ಜಿಂಕೆಗೆ ಒಂದು ಪುಟ್ಟ ಮರಿ ಇತ್ತು. ನೀರಿಲ್ಲದೆ ಅದರ ನಾಲಿಗೆ ಒಣಗಿತ್ತು. ಅವಳು ನಿಂತಲ್ಲಿ ನಿಲ್ಲಲಾರದೆ ಮುಳ್ಳಿನ ಹತ್ತಿರ ಹೋಗುವಳು, ಮರಿಯ ಹತ್ತಿರ ಬರುವಳು, ಮತ್ತೆ ಹೋಗುವಳು.

ಮುಸುವ ಸಲಹಾ ಸಮಿತಿಯೊಂದನ್ನು ರಚಿಸಿದ. ಮಂಗಟ್ಟೆ ಹಕ್ಕಿ ಒಬ್ಬ ಸದಸ್ಯ, ಕೆಂದಳಿಲು ಇನ್ನೊಬ್ಬ. ನಡೆಯುವವರೂ ಒಬ್ಬರಿದ್ದರೆ ನೋಡುವುದಕ್ಕೆ ಚೆನ್ನ ಎಂದು ಯಾರೋ ಅಂದರು. ಸರಿ, ಚುಕ್ಕಮ್ಮನ ಹೆಸರನ್ನೂ ಸೇರಿಸಿದರು. ಅವಳು ಪಾಪ, ಆಸೆಯಿಂದ ಓಡಿಬಂದಳು. ಬಂದು ನೋಡಿದರೆ ಸಭೆ ಕೂತಿರುವುದು ಮರದ ತುತ್ತತುದಿಯಲ್ಲಿ.

"ಸಾಹೇಬರೇ, ನಾನು ಹತ್ತುವುದು ಹೇಗೆ? ನೀವೇ ಇಳಿದು ಬನ್ನಿ," ಎಂದು ಅವಳು ಕತ್ತೆತ್ತಿ ಕೂಗಿದಳು.

ಮುಸುವ ಕೆಳಗಿನ ಕೊಂಬೆಯ ತನಕ ಬಂದು ಬಗ್ಗಿ ನೋಡಿದ. "ಸಭೆಯ ಜಾಗ ಮೇಲೇ ಕಣಮ್ಮ. ನಿಮ್ಮ ಕೊಂಬೆ ಖಾಲಿ ಇಟ್ಟಿದ್ದೇವೆ. ಯಾವಾಗ ಬೇಕಾದರೂ ಬಂದು ಕೂರಿ," ಎಂದು ಮರ್ಯಾದೆಯಿಂದಲೇ ಹೇಳಿ ಹತ್ತಿಹೋದ.

ಮೇಲೆ ಅತ್ತಿಹಣ್ಣು ತಿನ್ನುತ್ತಾ ಚರ್ಚೆ ನಡೆಯಿತು. ಪಡುವಣ ದಂಡೆ ಹಸಿರಾಗಿದೆ, ನೇರವಾಗಿದೆ, ಅದೇ ಒಳ್ಳೆಯ ದಾರಿ ಎಂದು ಮಂಗಟ್ಟೆ ಕೆಳಗೂ ಕೇಳುವಷ್ಟು ಜೋರಾಗಿ ಹೇಳಿತು. ಕೆಂದಳಿಲು ಹೌದೆಂದು ತಲೆಯಾಡಿಸಿತು. ಆ ಹಸಿರಿನ ಕೆಳಗೆ ಬರೀ ಕೆಸರು, ಅಲ್ಲೇ ಮೊಸಳೆ ಮಲಗುತ್ತದೆ ಎಂದು ಚುಕ್ಕಮ್ಮ ಕೆಳಗಿನಿಂದ ಗಂಟಲು ಹರಿಯುವ ಹಾಗೆ ಕೂಗಿದಳು. ಆದರೆ ಗಾಳಿ ಎದ್ದಿತ್ತು, ಎಲೆಗಳ ಸದ್ದಿನಲ್ಲಿ ಅದು ಅರ್ಧ ಮರಕ್ಕೂ ಮುಟ್ಟಲಿಲ್ಲ. ಚುಕ್ಕಮ್ಮ ಗೈರುಹಾಜರು ಎಂದುಕೊಂಡು ಸಭೆ ಮುಗಿಸಿದರು. ನನಗಂತೂ ಇದನ್ನು ಹೇಳುವಾಗಲೇ ಮೈ ಉರಿಯುತ್ತದೆ.

ಮರುದಿನ ಪಡುವಣ ದಂಡೆಯ ದಾರಿಯ ಉದ್ಘಾಟನೆ. ಉದ್ಘಾಟಿಸುವವರು ನಡೆಯಲೇಬೇಕಲ್ಲ? ಚುಕ್ಕಮ್ಮ ಅಡ್ಡ ಬಂದು ಬೇಡವೆಂದು ಅಂಗಲಾಚಿದಳು. ಮುಸುವ ಅವಳನ್ನು ದಾಟಿ, ಬಾಲವೆತ್ತಿಕೊಂಡು ಹಸಿರಿನ ಮೇಲೆ ಕಾಲಿಟ್ಟ. ಅಷ್ಟರಲ್ಲಿ ನೀರು ಕಂಡ ಮರಿ ಅವಳ ಪಕ್ಕದಿಂದ ನುಸುಳಿ ಅವನ ಹಿಂದೆಯೇ ಓಡಿತು. ನೋಡುತ್ತಿದ್ದಂತೆ ಮುಸುವ ಸೊಂಟದ ತನಕ ಹೂತುಹೋದ. ಮರಿ ಕುತ್ತಿಗೆಯ ತನಕ. ಆಚೆ ನೀರು ಅಲುಗಿತು.

ಮಂಗಟ್ಟೆ ಹಾರಿಹೋಯಿತು. ಕೆಂದಳಿಲು ಮರ ಹತ್ತಿತು. ಚುಕ್ಕಮ್ಮ ಮಾತ್ರ ಗಟ್ಟಿ ನೆಲದ ಅಂಚಿನಲ್ಲಿ ನಿಂತಳು.

"ಎದ್ದು ನಿಲ್ಲಬೇಡಿ, ಇನ್ನೂ ಇಳಿಯುತ್ತೀರಿ. ಹೊಟ್ಟೆಯ ಮೇಲೆ ಮಲಗಿ. ನನ್ನ ಮಗುವನ್ನು ಮುಂದೆ ತಳ್ಳುತ್ತಾ ತೆವಳಿ ಬನ್ನಿ," ಎಂದಳು.

ಅವಳ ಮಾತು ಮೊದಲ ಸಲ ಅವನ ಕಿವಿಗೆ ನೆಟ್ಟಗೆ ಬಿತ್ತು. ಅವನು ಮಲಗಿದ, ಮರಿಯನ್ನು ತಬ್ಬಿ ಎಳೆದು ತಳ್ಳಿದ, ತೆವಳಿದ. ಮರಿ ದಡ ಸೇರಿತು. ಅವನೂ ಸೇರಿದ, ಆದರೆ ಅರ್ಧ ಬಾಲ ಮೊಸಳೆಯ ಬಾಯಲ್ಲೇ ಉಳಿಯಿತು.

ಅಪಾಯ ಕಳೆದ ಮೇಲೆ ಮಂಗಟ್ಟೆ ಮರಳಿ ಬಂದು, ಈ ಘಟನೆಯ ಬಗ್ಗೆ ಸಭೆ ಕರೆಯಬೇಕಲ್ಲ, ಯಾವ ಕೊಂಬೆಯ ಮೇಲೆ ಎಂದು ಕೇಳಿತು.

"ಕೊಂಬೆಯ ಮೇಲಲ್ಲ. ಇಲ್ಲೇ, ನೆಲದ ಮೇಲೆ," ಎಂದ ಮುಸುವ, ನೋವಿನಿಂದ ಹಲ್ಲು ಕಚ್ಚಿ. "ಚುಕ್ಕಮ್ಮನವರೇ, ಮೊದಲು ನೀವು ಹೇಳಿ."

ಚುಕ್ಕಮ್ಮನಿಗೆ ಮಾತಾಡುವ ವ್ಯವಧಾನ ಎಲ್ಲಿತ್ತು? ಮರಿಯನ್ನು ಕರೆದುಕೊಂಡು ಕಲ್ಲುದಾರಿಯ ಕಡೆ ಹೊರಟೇಬಿಟ್ಟಳು. ಮುಸುವ ನರಳುತ್ತಾ ಅವಳ ಹಿಂದೆ ಹೋಗಿ, ತಾನು ಹಾಕಿಸಿದ ಮುಳ್ಳನ್ನು ತನ್ನ ಕೈಯಿಂದಲೇ ಎಳೆದು ಹಾಕಿದ. ಮರಿ ಬಂಡೆಯ ಪಕ್ಕದಿಂದ ಇಳಿದು ಹೊಟ್ಟೆ ತುಂಬ ನೀರು ಕುಡಿಯಿತು.

ನೀತಿ: ಸಮಿತಿಯಲ್ಲಿ ಹೆಸರು ಸೇರಿಸಿದರೆ ಸಾಲದು, ಕಷ್ಟಪಡುವವರ ಮಾತು ಕೇಳಿಸುವ ಜಾಗದಲ್ಲಿ ಸಭೆ ಕೂರಬೇಕು.