ದುರುಗವ್ವ ಹಚ್ಚುವ ಎಲೆ

ಮೈಲಾರಿ ಆಶ್ರಮಕ್ಕೆ ಸಿಟ್ಟು ಹೊತ್ತುಕೊಂಡೇ ಬಂದ. ಅಲ್ಲಿನ ಗುರು ಅಜ್ಜಯ್ಯನವರ ಕಾಲಿಗೆ ಬಿದ್ದದ್ದೂ ಸಿಟ್ಟಿನಲ್ಲೇ. ಹಣೆ ನೆಲಕ್ಕೆ ಬಡಿದು ಸದ್ದಾಯಿತು.

"ನಿಧಾನ ಕಣಪ್ಪ, ನೆಲ ಏನು ಮಾಡಿದೆ ನಿನಗೆ?" ಅಂದರು ಅಜ್ಜಯ್ಯ.

"ನೀವು ನಮ್ಮೂರಿಗೆ ಬರಬೇಕು. ನಮ್ಮಕ್ಕನಿಗೆ ಒಂದು ಮಾತು ಹೇಳಬೇಕು. ನಾನು ಹೇಳಿದ್ರೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ."

"ಏನಂತ ಹೇಳಲಿ?"

"ನಿನ್ನ ವ್ಯಾಪಾರ ಮುಗೀತು ಅಂತ."

ಮೈಲಾರಿಯ ಅಕ್ಕ ದುರುಗವ್ವ ಮುತ್ತುಗದ ಎಲೆಗಳನ್ನು ಕಡ್ಡಿ ಚುಚ್ಚಿ ಹಚ್ಚುವವಳು. ಅಪ್ಪ ಅವ್ವ ಇಲ್ಲದ ತಮ್ಮನನ್ನು ಊಟದೆಲೆ ಹಚ್ಚಿಯೇ ಸಾಕಿದ್ದಳು. ಸುತ್ತಲ ಊರುಗಳಲ್ಲಿ ಮದುವೆಯೆಂದರೆ ಅವಳ ಎಲೆಯೇ ಆಗಬೇಕಿತ್ತು. ಈ ವರ್ಷ ಪೇಟೆಗೆ ಯಂತ್ರದಲ್ಲಿ ಒತ್ತಿದ ಕಾಗದದ ತಟ್ಟೆ ಬಂತು. ಇನ್ನು ಎಲೆ ತರಬೇಡ ಎಂದುಬಿಟ್ಟರು ಅಂಗಡಿಯವರು. ಆದರೂ ದುರುಗವ್ವ ಕೋಳಿ ಕೂಗುವ ಹೊತ್ತಿಗೆ ಎದ್ದು, ಕಡ್ಡಿ ಸೀಳಿಕೊಂಡು, ಎಲೆ ಹಚ್ಚಲು ಕೂರುತ್ತಿದ್ದಳು.

"ಅಕ್ಕನಿಗೆ ಹಪ್ಪಳದ ಕೆಲಸ ಗೊತ್ತು ಮಾಡಿದ್ದೀನಿ. ಹೋಗೋದಿಲ್ಲ. ಮನೆಯಲ್ಲಿ ಕಾಲಿಡೋಕೆ ಜಾಗ ಇಲ್ಲ, ಬರೀ ಎಲೆ. ಮೊನ್ನೆ ತಡೀಲಾರದೆ..." ಮೈಲಾರಿ ಮಾತು ನುಂಗಿದ.

"ಮೊನ್ನೆ?"

"ಒಂದು ಕಟ್ಟು ತಗೊಂಡು ಒಲೆಗೆ ತುರುಕಿದೆ. ಅವತ್ತಿನಿಂದ ಅಕ್ಕ ನನ್ನ ಹತ್ರ ಮಾತೇ ಆಡ್ತಿಲ್ಲ, ಅಜ್ಜಯ್ಯ."

ಸಿಟ್ಟಿನ ಒಳಗಿದ್ದದ್ದು ಭಯ. ಇದ್ದೊಬ್ಬ ಅಕ್ಕ ಕೈಬಿಟ್ಟಳೇನೋ ಎಂಬ ಭಯ. ಅಜ್ಜಯ್ಯನವರಿಗೆ ಅದು ಕಂಡಿತು.

"ಬೆಳಗ್ಗೆ ನೋಡೋಣ. ಮಲಗಪ್ಪ," ಅಂದರು.

ಬೆಳಗಾಯಿತು. ಅಜ್ಜಯ್ಯ ಕೊಡ ಹಿಡಿದು ಹೊಳೆಗೆ ಹೊರಟರು. ಹಿಂದೆಯೇ ಮೈಲಾರಿ.

ಹೋದ ಮಳೆಗಾಲದಲ್ಲಿ ಹೊಳೆ ದಾರಿ ಬದಲಿಸಿ ಆಚೆಗೆ ಸರಿದಿತ್ತು. ಆಶ್ರಮದ ಮೆಟ್ಟಿಲುಗಳ ಕೆಳಗೆ ಈಗ ಬರೀ ಮರಳು. ನೀರಿಗೆ ಹೋಗಲು ಹುಣಸೆ ಮರದ ಪಕ್ಕದಿಂದ ಹೊಸ ಕಾಲುದಾರಿ ಮಾಡಿದ್ದರು. ಮಾಡಿಸಿದವರೂ ಅಜ್ಜಯ್ಯನವರೇ.

ಆದರೆ ಅವರು ಏನೋ ಗುನುಗುತ್ತ ಹಳೇ ಮೆಟ್ಟಿಲುಗಳನ್ನೇ ಇಳಿದರು. ಕೊನೆಯ ಮೆಟ್ಟಿಲ ಮೇಲೆ ನಿಂತು, ಬಗ್ಗಿ, ಕೊಡ ಅದ್ದಿದರು.

ಕೊಡ ಮರಳಿಗೆ ತಾಗಿ ಕರಕ್ ಎಂದಿತು.

"ಅಜ್ಜಯ್ಯ! ಹೊಳೆ ಆಚೆ ಹೋಗಿದೆಯಲ್ಲ!"

"ನಿನಗಿಂತ ಮೊದಲು ನನಗೇ ಗೊತ್ತಪ್ಪ. ನೀರು ಸರಿದ ದಿನ ಇಲ್ಲೇ ಕೂತು ಅತ್ತಿದ್ದೆ."

"ಮತ್ತೆ ಇದು?"

ಅಜ್ಜಯ್ಯ ಕೊಡಕ್ಕೆ ಅಂಟಿದ ಮರಳು ಒರೆಸುತ್ತ ನಾಚಿಕೆಯಿಂದ ನಕ್ಕರು.

"ಕಾಲಿಗೆ ಇನ್ನೂ ಸುದ್ದಿ ಮುಟ್ಟಿಲ್ಲ."

ಮೈಲಾರಿಗೂ ನಗು ಬಂತು. ನಗುತ್ತ ನಗುತ್ತಲೇ ಅಕ್ಕನ ನೆನಪಾಯಿತು.

ಪೇಟೆಯ ಸುದ್ದಿಯನ್ನು ಅವನಿಗೆ ಹೇಳಿದ್ದೇ ಅಕ್ಕ. ಯಾರೂ ಕೊಳ್ಳದ ಕಟ್ಟನ್ನು ತಲೆ ಮೇಲೆ ಹೊತ್ತು ವಾಪಸು ಬಂದವಳು ಅವಳು. ಅವಳಿಗೆ ಗೊತ್ತಿಲ್ಲದ್ದನ್ನು ಹೇಳುವವನಂತೆ ತಾನು ದಿನವೂ ಕೂಗಾಡಿದ್ದೆ ಎಂದು ನೆನೆದು ಅವನ ಕಣ್ಣು ತುಂಬಿತು.

"ತಪ್ಪು ಮಾಡಿದೆ, ಅಜ್ಜಯ್ಯ."

ಅಜ್ಜಯ್ಯ ಅವನ ಬೆನ್ನು ಸವರಿದರು. ಇಬ್ಬರೂ ಮರಳ ಮೇಲೆ ನಡೆದು ನೀರಿನವರೆಗೆ ಹೋದರು. ಕೊಡ ತುಂಬಿತು. ಮೈಲಾರಿ ಅದನ್ನು ಹೆಗಲಿಗೇರಿಸಿಕೊಂಡ.

"ಅಕ್ಕನ ಕೈಗೆ ಸುದ್ದಿ ಮುಟ್ಟೋವರೆಗೆ ನಾನೇನು ಮಾಡಲಿ? ಮನೆ ತುಂಬ ಎಲೆ ಬಿದ್ದಿದೆ. ಅದನ್ನ ಯಾರು ಕೇಳ್ತಾರೆ ಈಗ?"

ಅಜ್ಜಯ್ಯ ನಿಂತರು.

"ಊರಿನ ಮದುವೆಗೆಲ್ಲ ಎಲೆ ಹಚ್ಚಿದಾಕೆ. ಅದರಲ್ಲೊಂದು ಎಲೆ ಹಾಕಿ, ಅವಳನ್ನ ಕೂರಿಸಿ, ನೀನು ಒಂದು ದಿನವಾದರೂ ಬಡಿಸಿದ್ದೀಯೇನಪ್ಪ?"