ಬಿಳಿ ಮಣ್ಣು ಎರಚಿದ ಹುಂಜ

ಇಲ್ಲಿ ಬನ್ನಿ, ಹತ್ರ ಬಂದು ಕೂತ್ಕೊಳ್ಳಿ, ಈ ಕತೇಲಿ ಉಸಿರು ಬಿಗಿ ಹಿಡಿಯೋ ಜಾಗ ಒಂದಿದೆ!

ಒಂದು ಕಾಡು. ಕಾಡಿನ ನಡುವೆ ಒಂದು ಬತ್ತಿದ ಕೊಳ. ನಿನ್ನೆ ಮೊನ್ನೆ ಬತ್ತಿದ್ದಲ್ಲ ಕಣ್ರೋ, ಅದರ ದಡದಲ್ಲಿರೋ ಅತ್ತಿಮರ ಹುಟ್ಟೋಕೂ ಮುಂಚೆ! ಈಗಲ್ಲಿ ಬರೀ ಬಿಳಿ ಮಣ್ಣು. ರಾಗಿಹಿಟ್ಟಿಗಿಂತ ನುಣುಪು. ಸುಮ್ನೆ ಊದಿದ್ರೂ ಹಾರುತ್ತೆ.

ಆ ಅತ್ತಿಮರದ ಬುಡದಲ್ಲಿ ಒಂದು ಪೊಟರೆ. ಪೊಟರೆಯೊಳಗೆ ಕೆಂಚಕ್ಕ ಅನ್ನೋ ಕಾಡುಕೋಳಿ ಮೊಟ್ಟೆಗಳ ಮೇಲೆ ಕಾವು ಕೂತಿದ್ಲು. ಅವಳ ಗಂಡ ಜುಟ್ಟಪ್ಪ. ಒಳ್ಳೆ ಹುಂಜ, ಪಾಪ, ಹೆಂಡ್ತಿ ಅಂದ್ರೆ ಜೀವ. ಆದ್ರೆ ಅವನಿಗೆ ಯಾರ ಮಾತನ್ನೂ ಪೂರ್ತಿ ಕೇಳೋ ತಾಳ್ಮೆ ಇರ್ಲಿಲ್ಲ. "ಜುಟ್ಟಪ್ಪ, ಆ ಪೊದೆಯೊಳಗೆ..." ಅನ್ನೋಷ್ಟರಲ್ಲಿ "ಗೊತ್ತಾಯ್ತು, ಗೊತ್ತಾಯ್ತು!" ಅಂತ ಓಡೇಬಿಡೋನು. ಏನು ಗೊತ್ತಾಯ್ತು? ಮಣ್ಣು! ಪೊದೆಯೊಳಗೆ ಮುಳ್ಳುಹಂದಿ ಮಲಗಿತ್ತು, ಹೋಗಿ ಅದರ ಮೇಲೇ ಕೂತಿದ್ದ.

ಅವತ್ತು ಬೆಳಿಗ್ಗೆ ಕೆಂಚಕ್ಕ ಸಣ್ಣ ದನೀಲಿ ಕರೆದ್ಲು.

"ರೀ, ಮೈಯೆಲ್ಲಾ ಹೇನು. ಕಚ್ಚಿ ಕಚ್ಚಿ ಕೊಲ್ತಿವೆ."

"ಹೋಗಿ ಮಣ್ಣಲ್ಲಿ ಹೊರಳಾಡಿ ಬಾ, ಉದುರಿಹೋಗ್ತವೆ!"

ಕೋಳಿಗಳಿಗೆ ಅದೇ ಸ್ನಾನ, ಗೊತ್ತಲ್ಲ? ನಾವು ನೀರಲ್ಲಿ, ಅವು ಧೂಳಲ್ಲಿ.

"ಹೆಂಗೆ ಹೋಗ್ಲಿ? ನೋಡಿ ಇಲ್ಲಿ." ಕೆಂಚಕ್ಕ ರೆಕ್ಕೆ ಎತ್ತಿದ್ಲು. ಒಂದು ಮೊಟ್ಟೆ ಬಿರುಕು ಬಿಟ್ಟಿತ್ತು. ಬಿರುಕಲ್ಲಿ ಸಾಸಿವೆಯಷ್ಟು ಕೊಕ್ಕು! "ಇವತ್ತೇ ಬರ್ತವೆ ಮಕ್ಕಳು. ಎದ್ದರೆ ಮೊಟ್ಟೆ ತಣ್ಣಗಾಗುತ್ತೆ. ಏಳದಿದ್ರೆ ಈ ಹೇನು ಎಳೇ ಮೈಗೆ ಹತ್ತುತ್ತೆ. ಆಮೇಲೆ ಅವು ಉಳಿಯಲ್ಲ ರೀ. ಸ್ವಲ್ಪ ಹೊತ್ತು ನೀವು ಕೂರ್ತೀರಾ?"

"ನಾನಾ? ಕಾವಿಗಾ?" ಜುಟ್ಟಪ್ಪ ಆ ಕಡೆ ಈ ಕಡೆ ನೋಡಿದ. "ಹುಂಜ ಕಣೇ ನಾನು! ಕಾಡೆಲ್ಲಾ ನಗುತ್ತೆ. ತಡಿ, ಬೇರೆ ಏನಾದ್ರೂ ಮಾಡ್ತೀನಿ."

ಓಡಿದ! ಕೊಳದ ದಡದಲ್ಲಿ ಒಂದು ಪುಟ್ಟ ಒರತೆ, ಅದರ ಪಕ್ಕದ ಒದ್ದೆ ಕಲ್ಲಿನ ಮೇಲೆ ಶಂಖಜ್ಜ ಅನ್ನೋ ಬಸವನಹುಳು. ನಡೆಯೋದೂ ನಿಧಾನ, ಮಾತು ಅದಕ್ಕಿಂತ ನಿಧಾನ.

"ಅಜ್ಜಾ, ಹೇನು ಸಾಯೋಕೆ ಏನ್ಮಾಡ್ಬೇಕು? ಬೇಗ ಹೇಳು!"

"ಅದೋ... ಆ ಬಿಳಿ ಮಣ್ಣು..." ಅಂದ ಶಂಖಜ್ಜ. "ನಿನ್ ಕಣ್ಣಿಗೆ ಹಿಟ್ಟು. ನಮ್ಮಂಥ ಸಣ್ಣ ಜೀವಕ್ಕೆ... ಮುಳ್ಳು ಅರೆದ ಪುಡಿ. ಮೈ ಗೀರುತ್ತೆ, ಒಳಗಿನ ಪಸೆ ಹೀರುತ್ತೆ. ನಾನಂತೂ ಅದರ ಹತ್ರ ಸುಳಿಯಲ್ಲ. ಹೇನಿಗೂ... ಅದೇ ಗತಿ. ಆದ್ರೆ..."

"ಗೊತ್ತಾಯ್ತು, ಗೊತ್ತಾಯ್ತು!"

"ಆದ್ರೆ ಅಂದೆ ಕಣೋ! ಆದ್ರೆ..."

ಎಲ್ಲಿ? ಜುಟ್ಟಪ್ಪ ಆಗಲೇ ಕೊಳದೊಳಗೆ! ಮೇಲೆ ಕೊಂಬೇಲಿ ಅತ್ತಿಹಣ್ಣು ಕಡೀತಿದ್ದ ಅಳಿಲು ಚಿನಕಿ ಇದನ್ನೆಲ್ಲಾ ನೋಡ್ತಿದ್ಲು. ಸರ‍್ರಂತ ಕೆಳಗಿಳಿದ್ಲು.

"ಆದ್ರೆ ಏನಜ್ಜ?"

"ಹೇಳ್ತೀನಿ ಕೂಸೇ... ಅವಸರ ಮಾಡ್ಬೇಡ..."

ಇತ್ತ ಜುಟ್ಟಪ್ಪ ಮುತ್ತುಗದ ಎಲೆ ಮೇಲೆ ಮಣ್ಣು ಎಳ್ಕೊಂಡು ಬಂದ. ಮತ್ತೆ ಹೋದ, ಮತ್ತೆ ತಂದ. ಪೊಟರೆ ಬಾಯಲ್ಲಿ ಅವನ ಎತ್ತರಕ್ಕೆ ರಾಶಿ!

"ಇದೇನ್ರೀ ಇಷ್ಟೊಂದು?"

"ಚಿಟಿಕೆ ಹಾಕಿದ್ರೆ ಚಿಟಿಕೆಯಷ್ಟೇ ಹೇನು ಸಾಯುತ್ತೆ. ನಿನ್ ಮೈಗೂ ಆಯ್ತು, ಹಾಸಿಗೆಗೂ ಆಯ್ತು, ಮೂಲೇಲಿ ಕೂಡಿಟ್ಟಿರೋ ಕಾಳಿನ ಹುಳಕ್ಕೂ ಆಯ್ತು! ಕಣ್ಮುಚ್ಕೋ!"

ಕೋಳಿ ಮಣ್ಣು ಕೆದರೋದನ್ನ ನೋಡಿದ್ದೀರಲ್ಲ? ಕಾಲು ಹಿಂದಕ್ಕೆ ಹೋಗುತ್ತೆ, ಕಣ್ಣು ಮುಂದೆ ಇರುತ್ತೆ. ಜುಟ್ಟಪ್ಪ ಪೊಟರೆಗೆ ಬೆನ್ನು ತಿರುಗಿಸಿ ನಿಂತು ಕೆದರೋಕೆ ಶುರು ಮಾಡಿದ. ಚರ್ ಚರ್ ಚರ್! ಒದ್ದಿದ್ದೆಲ್ಲಾ ಒಳಗೆ. ಒಳಗೇನಾಗ್ತಿದೆ ಅಂತ ಅವನಿಗೆ ಕಾಣೋದೇ ಇಲ್ಲ!

ಒಳಗಿಂದ ಕೆಮ್ಮು ಕೇಳಿಸ್ತು.

"ತಡ್ಕೋ ಕೆಂಚೀ, ಹೇನು ಸಾಯ್ತಿವೆ!"

ಇನ್ನೂ ಜೋರಾಗಿ ಕೆಮ್ಮು.

"ಆಯ್ತು, ಇನ್ನೊಂಚೂರು!" ಚರ್ ಚರ್!

ಕೆಮ್ಮು ನಿಂತುಹೋಯ್ತು.

ಜುಟ್ಟಪ್ಪ ತಿರುಗಿ ನೋಡಿದ. ಪೊಟರೆಯೇ ಕಾಣಿಸ್ಲಿಲ್ಲ. ಬರೀ ಬೆಳ್ಳಗೆ, ಹೊಗೆ ಥರ ಸುತ್ತುತ್ತಿರೋ ಧೂಳು.

"ಕೆಂಚೀ?"

ಕತ್ತು ಒಳಗೆ ಚಾಚಿ ಇನ್ನೊಂದ್ಸಲ ಕರೆದ.

"ಏ ಕೆಂಚೀ, ಮಾತಾಡೇ!"

ಒಳಗಿಂದ ಒಂದೇ ಒಂದು ಸಣ್ಣ "ಚಿಂವ್". ಅಷ್ಟೇ. ಅದೂ ನಿಂತೋಯ್ತು.

ಜುಟ್ಟಪ್ಪ ರೆಕ್ಕೆ ಬಡೀತಾ ಒಳಗೆ ನುಗ್ಗೋಕೆ ಹೋದ. ಬಡಿದಷ್ಟೂ ಧೂಳು ಏಳ್ತು!

"ರೆಕ್ಕೆ ಬಡೀಬೇಡ ಜುಟ್ಟಣ್ಣಾ!" ಚಿನಕಿ ಬಾಣದ ಥರ ಬರ್ತಿದ್ಲು. "ಅಜ್ಜ ಹೇಳಿದ್ದು..."

"ಗೊತ್ತಾ..." ಅಂದ. ಅರ್ಧಕ್ಕೇ ಬಾಯಿ ಮುಚ್ಚಿದ. "ನಂಗೇನೂ ಗೊತ್ತಿಲ್ಲ ಚಿನಕಿ. ಹೇಳು. ಪೂರ್ತಿ ಹೇಳು."

"ಮುಚ್ಚಿದ ಜಾಗದಲ್ಲಿ ಎರಚಿದ್ರೆ ಉಸಿರಿಗೆ ಹೋಗುತ್ತಂತೆ. ಒದ್ದೆಯಾದ್ರೆ ಧೂಳು ಕೂತ್ಬಿಡುತ್ತಂತೆ. ನೀನು ರಾಶಿ ಮೇಲೆ ಕವುಚಿ ಮಲಗು, ಗಾಳಿಗೆ ಹಾರದ ಹಾಗೆ. ಅಲ್ಲಾಡ್ಬೇಡ!"

ಮಲಗಿದ. ಜೀವಮಾನದಲ್ಲಿ ಮೊದಲ ಸಲ ಜುಟ್ಟಪ್ಪ ಅಲ್ಲಾಡ್ಲಿಲ್ಲ. ಚಿನಕಿ ಒರತೆಗೆ ಓಡಿದ್ಲು, ಬಾಲ ಅದ್ದಿದ್ಲು, ಓಡಿ ಬಂದ್ಲು, ಪೊಟರೆ ಬಾಯಲ್ಲಿ ಬಾಲ ಝಾಡಿಸಿದ್ಲು. ತುಂತುರು! ಮತ್ತೆ ಓಡಿದ್ಲು, ಮತ್ತೆ ಝಾಡಿಸಿದ್ಲು. ಧೂಳು ನಿಧಾನವಾಗಿ... ನಿಧಾನವಾಗಿ... ಕೆಳಗಿಳೀತು.

ಕೆಂಚಕ್ಕ ಕಾಣಿಸಿದ್ಲು. ಬೆಳ್ಳಕ್ಕಿ ಥರ ಬಿಳಿ. ತಲೆ ರೆಕ್ಕೆಯೊಳಗೆ. ಆ ಬಿರುಕು ಬಿಟ್ಟ ಮೊಟ್ಟೇನ ಎದೆಗೆ ಒತ್ಕೊಂಡು, ಒಂದು ಕಣವೂ ಒಳಗೆ ಹೋಗದ ಹಾಗೆ ಮುಚ್ಕೊಂಡಿದ್ಲು. ಅಲುಗಾಡ್ತಿರ್ಲಿಲ್ಲ.

ಜುಟ್ಟಪ್ಪ ನೋಡ್ತಾನೇ ಇದ್ದ.

ಗರಿ ಒಂದು ಅಲುಗಿತು. "ಖೊಖ್!"

"ಕೆಮ್ಮಿದ್ಲು!" ಚಿನಕಿ ಕುಣಿದ್ಲು. "ಕೆಂಚಕ್ಕಾ, ಮೊದ್ಲು ಹೊರಗೆ ಬಾ, ಗಾಳಿ ಕುಡಿ!"

"ಮೊಟ್ಟೆ?" ಅಂದ್ಲು ಕೆಂಚಕ್ಕ.

ಚಿನಕಿ ಜುಟ್ಟಪ್ಪನ ಮುಖಾನೇ ನೋಡಿದ್ಲು.

"ನಾನು ಕೂರ್ತೀನಿ," ಅಂದ ಜುಟ್ಟಪ್ಪ. "ನಗೋರು ನಗ್ಲಿ."

ಚಿನಕಿ ಒದ್ದೆ ಮಣ್ಣನ್ನೆಲ್ಲಾ ಗುಡಿಸಿ ಹಾಕಿ, ಮೊಟ್ಟೆ ಕೆಳಗೆ ಒಣ ಎಲೆ ಹಾಸಿದ್ಲು. ಜುಟ್ಟಪ್ಪ ಮೆತ್ತಗೆ ಮೇಲೆ ಕೂತ. ಅತ್ತ ಕೆಂಚಕ್ಕ ಮನಸಾರೆ ಉಸಿರಾಡಿ, ಬಯಲಲ್ಲಿ ಗಾಳಿಗೆ ಬೆನ್ನು ಕೊಟ್ಟು, ಕೆಮ್ಮಣ್ಣಿಗೆ ಒಂದು ಚಿಟಿಕೆ ಬಿಳಿ ಮಣ್ಣು ಬೆರೆಸಿ ಮೆಲ್ಲಗೆ ಹೊರಳಾಡಿದ್ಲು. ಹೇನು ಉದುರೋಕೆ ಶುರುವಾದ್ವು!

ಒರತೆ ಕಡೆಯಿಂದ ದನಿ ಬಂತು. "...ಬಯಲಲ್ಲೇ ಮಾಡ್ಬೇಕು... ಚಿಟಿಕೆಯಷ್ಟೇ... ಅಲ್ಲೀವರೆಗೆ ಕಾವಿಗೆ ಗಂಡ ಕೂರ್ಬೇಕು... ಅಂತ ಹೇಳೋಕೆ ಹೊರಟಿದ್ದೆ ಕಣೋ."

"ಆಮೇಲೆ ಅಜ್ಜ?" ಪೊಟರೆಯಿಂದಲೇ ಕೂಗಿದ ಜುಟ್ಟಪ್ಪ.

"ಆಮೇಲೆ... ಕಾಳಿಗೆ... ಹುಳ ಬೀಳದ ಹಾಗೆ... ಚೂರೇ ಚೂರು..."

ಅಷ್ಟರಲ್ಲಿ ಜುಟ್ಟಪ್ಪನ ಹೊಟ್ಟೆ ಕೆಳಗೆ ಟಪ್ ಅಂತ ಶಬ್ದ! ಚಿಪ್ಪು ಒಡೆದು ಒಂದು ಮರಿ ಹೊರಗೆ ಬಂತು. ಅಪ್ಪನ ಮುಖ ನೋಡ್ತು. ಶಂಖಜ್ಜನ ದನಿ ಕೇಳ್ತು. "ಚಿಂವ್ ಚಿಂವ್!" ಅಂತ ಹೊರಗೆ ಓಡೋಕೆ ಹೊರಟಿತು.

ಜುಟ್ಟಪ್ಪ ರೆಕ್ಕೆ ಅಡ್ಡ ಹಾಕಿದ.

"ಏಯ್, ಎಲ್ಲಿಗೆ? ಕೂತ್ಕೋ! ಅಜ್ಜ ಇನ್ನೂ ಮುಗಿಸಿಲ್ಲ."

ನೀತಿ: ಅರ್ಧ ಕೇಳಿ ಮಾಡಿದ ಉಪಕಾರ ಪ್ರಾಣಕ್ಕೇ ಕುತ್ತಾಗಬಹುದು; ಹೇಳೋರು ಮಾತು ಮುಗಿಸೋವರೆಗೂ ಕೇಳಿ, ಆಮೇಲೆ ಕೆಲಸಕ್ಕೆ ಕೈ ಹಾಕಿ.