ಚಮಚದ ಮೀನು

ನಮ್ಮಜ್ಜಿಯ ಅಜ್ಜಿಯೂ ಹುಟ್ಟಿರದ ಒಂದಾನೊಂದು ಕಾಲದಲ್ಲಿ, ಮಗಾ, ಒಂದು ದೊಡ್ಡ ಹೊಳೆ, ಹೊಳೆ ನಡುವೆ ಒಂದು ಗಡ್ಡೆ, ಗಡ್ಡೆ ಮೇಲೆ ಒಂದೇ ಒಂದು ಗುಡಿಸಲು ಇತ್ತಂತೆ. ಅದರಲ್ಲಿ ದ್ಯಾವಮ್ಮ ಅನ್ನೋ ಅಂಬಿಗರ ಮುದುಕಿ, ಅವಳ ಮಗ ಹುಲಿಗ, ಹೊಸದಾಗಿ ಬಂದ ಸೊಸೆ ಸಣ್ಣೀರಿ ಇದ್ದರಂತೆ. ಸಣ್ಣೀರಿ ಬಯಲುಸೀಮೆಯವಳು, ಬಾವಿ ನೀರು ಬಿಟ್ಟು ಬೇರೆ ನೀರು ಕಂಡವಳಲ್ಲ.

ಒಂದು ಬೇಸಿಗೇಲಿ ಹುಲಿಗ ಬಲೆ, ಹರಗೋಲು ಎಲ್ಲಾ ತಗೊಂಡು ದೂರದ ಮಡುವಿಗೆ ಹೋದನಂತೆ. ಅವನು ಹೋದ ಬೆನ್ನಿಗೇ ದ್ಯಾವಮ್ಮಂಗೆ ಜ್ವರ ಬಂತಂತೆ. ಆಮೇಲೆ ಜ್ವರ ಬಿಟ್ಟರೂ ಬಾಯಿರುಚಿ ಬರಲಿಲ್ಲ, ಗಂಜಿ ಕೊಟ್ಟರೆ ಮುಖ ತಿರುಗಿಸೋಳು, ಮುದ್ದೆ ಕೊಟ್ಟರೆ ತಳ್ಳೋಳು, ಹಂಗೇ ಒಣಗಿ ಕಡ್ಡಿ ಆಗ್ತಾ ಬಂದಳಂತೆ. ಸಣ್ಣೀರಿ ಕಾಲು ಒತ್ತುತ್ತಾ ಏನು ತಿಂತೀಯ ಅತ್ತೆ ಅಂತ ಕೇಳಿದರೆ, ಬಾಳೆಮೀನಿನ ಸಾರಾದರೆ ಒಂದು ತುತ್ತು ಇಳಿದೀತು, ನೀನೆಲ್ಲಿ ತರ್ತೀಯ ಬಿಡು ಅಂದಳಂತೆ.

ಮನೇಲಿ ಗಾಳ ಇತ್ತು, ದಾರ ಇತ್ತು. ಎರೆಹುಳ ಮಾತ್ರ ಇಲ್ಲ, ನೆಲ ಒಣಗಿ ಎಲ್ಲಾ ಪಾತಾಳ ಸೇರಿದ್ದವು. ಸಣ್ಣೀರಿ ಅಡುಗೆಮನೆ ತಡಕಾಡಿ, ಹುಳದ ಹಂಗೇ ಕೆಂಪಗಿದೆಯಲ್ಲಾ ಅಂತ ಒಂದು ಒಣಮೆಣಸಿನಕಾಯಿ ಚುಚ್ಚಿ ನೀರಿಗೆ ಬಿಟ್ಟಳಂತೆ. ಹೊತ್ತು ನೆತ್ತಿಗೇರಿದರೂ ಒಂದು ಮೀನೂ ಮೂಸಲಿಲ್ಲ. ಬಂದು ಹೇಳಿದರೆ ಮುದುಕಿ ಮಲಗಿದ್ದಲ್ಲೇ, ಅಲ್ವೇ, ಹೊಳೇಲೇ ಸಾರು ಮಾಡೋಕೆ ಹೋಗಿದ್ದೆಯಾ ಅಂತ ನಕ್ಕಳಂತೆ. ಜ್ವರ ಬಂದಮೇಲೆ ಅದೇ ಮೊದಲ ನಗು.

ಆಮೇಲೆ ಗಾಳಕ್ಕೆ ಹುಂಜದ ಪುಕ್ಕ ಕಟ್ಟಿಕೊಂಡು ಹೋದಳಂತೆ. ಈ ಸಲ ಒಂದು ಮೀನು ಬಂದು ಜಗ್ಗಿ, ಪುಕ್ಕ ಕಿತ್ತುಕೊಂಡು ಹೋಯಿತಂತೆ. ಸಣ್ಣೀರಿ ಅಳ್ತಾ ಬಂದರೆ, ದ್ಯಾವಮ್ಮ ಎದ್ದು ಗೋಡೆಗೆ ಒರಗಿ ಕೂತು, ಜಗ್ಗಿತು ಅಂದಮೇಲೆ ಮೀನು ನಂಬಿತು ಅಂತಲೇ ಅರ್ಥ ಅಂದಳಂತೆ. "ಬಾಳೆಮೀನು ಬಣ್ಣ ನೋಡಲ್ಲ ಕಣೇ, ಓಟ ನೋಡ್ತದೆ. ಏಟು ತಿಂದ ಮರಿಮೀನು ಹೆಂಗೆ ಹೊಳೀತಾ ಹೊಳೀತಾ ಕುಂಟ್ತದೋ, ಗಾಳಕ್ಕೆ ಕಟ್ಟಿದ್ದೂ ಹಂಗೆ ಕುಂಟಬೇಕು."

ಸಣ್ಣೀರಿ ಪೆಟ್ಟಿಗೆ ತೆಗೆದು, ಮದುವೇಲಿ ಅವ್ವ ಕೊಟ್ಟಿದ್ದ ಹಿತ್ತಾಳೆ ಚಮಚ ತಂದಳಂತೆ. ಬೇಡ, ಅದು ನಿನ್ನ ತವರಿನದು ಅಂತ ಅತ್ತೆ ಕೈ ಹಿಡಿದಳು.

"ನೀನು ಉಂಡರೆ ಇದೇ ನನ್ನ ತವರು, ಅತ್ತೆ."

ಮುದುಕಿ ಕೈ ಬಿಟ್ಟಳಂತೆ. ಆಮೇಲೆ ಇಬ್ಬರೂ ಕೂತು ಚಮಚದ ಹಿಡಿ ಮುರಿದು, ಮೊಳೇಲಿ ತೂತು ಹೊಡೆದು, ಹುಣಸೆಹಣ್ಣು ಹಚ್ಚಿ ಫಳಫಳ ಬೆಳಗಿ, ಗಾಳ ಸಿಕ್ಕಿಸಿದರು. ಗಂಟು ಮಾತ್ರ ನಾನೇ ಹಾಕಬೇಕು ಅಂತ ದ್ಯಾವಮ್ಮ ಹಲ್ಲಲ್ಲಿ ದಾರ ಕಚ್ಚಿ ಬಿಗಿದು, ಸೊಸೆ ಹೆಗಲು ಹಿಡಿದು ದಡಕ್ಕೂ ಬಂದಳಂತೆ. ಎಸಿ ಅಂದಳು, ಸೊಸೆ ಎಸೆದಳು. ಎಳಿ, ನಿಲ್ಲಿಸು, ಎಳಿ ಅಂದಳು. ಚಮಚ ನೀರೊಳಗೆ ಕುಂಟ್ತಾ ಕುಂಟ್ತಾ ಬರ್ತಿದ್ದ ಹಾಗೇ ತೋಳುದ್ದದ ಬಾಳೆಮೀನು ಗಬಕ್ ಅಂತ ಕಚ್ಚಿ, ಸಣ್ಣೀರಿಯನ್ನ ಮೊಣಕಾಲುದ್ದ ನೀರಿಗೆ ಎಳಕೊಂಡು ಹೋಯಿತಂತೆ. ಮುದುಕಿ ಅವಳ ಸೊಂಟ ತಬ್ಬಿ ಹಿಡಿದಳು. ಅತ್ತೆ, ಸೊಸೆ, ಮೀನು, ಮೂವರೂ ಮರಳಲ್ಲಿ ಬಿದ್ದರಂತೆ.

ಅವತ್ತು ದ್ಯಾವಮ್ಮ ತಟ್ಟೆ ನೆಕ್ಕಿ ಉಂಡಳಂತೆ.

ಆಮೇಲೆ ಹುಲಿಗ ವಾಪಸ್ ಬಂದು ನೋಡ್ತಾನೆ, ಒಲೆ ಹಚ್ಚಿಲ್ಲ, ಅವ್ವನೂ ಹೆಂಡತೀನೂ ದಡದಲ್ಲಿ ಈಗ ಎಸೆಯೋ ಸರದಿ ನಂದು, ಇಲ್ಲ ನಂದು ಅಂತ ಕಿತ್ತಾಡ್ತಿದಾರೆ. ಯಾರೂ ಅವನ ಕಡೆ ತಿರುಗಲಿಲ್ಲವಂತೆ. ಅವನು ಒಳಗೆ ಹೋಗಿ ತಾನೇ ಅನ್ನಕ್ಕಿಟ್ಟನಂತೆ.

ಅವರ ಅನ್ನ ಬೇಯ್ತಾ ಇರಲಿ. ಅಲ್ಲಿಗೆ ಕತೆ ಮಲಗ್ತು, ನೀನೂ ಮಲಗು ಮಗಾ.